ಕಪ್ಪು ಅಂಚಿಲ್ಲದ ಮೂರು ಮರಿಗಳು

ಒಮಾನಿನ ಬರ್ಕಾದಿಂದ ಫೋನ್ ಮಾಡಿದವನು ಅಲ್ಲಿನ ಒಬ್ಬ ಮಲಯಾಳಿ ಅಂಗಡಿಯವನು. ನಮ್ಮ ಊರ ಕಡೆಯವರೊಬ್ಬರು, ಅಲ್ಲಿ ತೋಟದ ಕೆಲಸಕ್ಕಿದ್ದವರು, ಬೆಳಿಗ್ಗೆ ಏಳಲಿಲ್ಲವಂತೆ. ಶರ್ಟಿನ ಜೇಬಿನಲ್ಲಿ ನನ್ನ ನಂಬರಿದ್ದ ಚೀಟಿ ಸಿಕ್ಕಿತಂತೆ. ಅವನು ಹಿಂದಿಯಲ್ಲಿ ಕೇಳಿದ: "ಫಾರ್ಮ್ ತುಂಬಿಸಬೇಕು ಭಾಯ್. ಹೆಂಡತಿ ಮಕ್ಕಳು ಇದ್ದಾರಾ?"

"ಊರಲ್ಲಿ ಅವರ ತಮ್ಮ ಇದ್ದಾನೆ, ಅವನ ವಿಳಾಸ ಬರೆದುಕೊಳ್ಳಿ" ಎಂದೆ. ಶವ ಬೊಂಬಾಯಿ ದಾರಿಯಾಗಿ ಊರಿಗೆ ಹೋಯಿತು, ತಮ್ಮ ಇಳಿಸಿಕೊಂಡ. ಆ ಮಟ್ಟಿಗೆ ಎಲ್ಲ ಮುಗಿದಿದೆ. ಆದರೆ ಹೆಂಡತಿ ಮಕ್ಕಳು ಇದ್ದಾರಾ ಎಂಬ ಸರಳ ಪ್ರಶ್ನೆಗೆ ಹೌದು ಎನ್ನಲಾಗದ ಹಾಗೆ ಮಾಡಿದ್ದರಲ್ಲಿ ನನ್ನದೂ ಒಂದು ಮಾತು ಇತ್ತು. ಅದನ್ನು ಬಿಟ್ಟು ಅವರ ಬಗ್ಗೆ ಬರೆದರೆ ಸುಳ್ಳಾಗುತ್ತದೆ.

ನಾವೆಲ್ಲ ಅವರನ್ನು ಅಣ್ಣ ಎನ್ನುತ್ತಿದ್ದೆವು. ಎಂಬತ್ತರ ದಶಕದ ನಡುವಿನಲ್ಲಿ ನಾನು ಮಸ್ಕತ್ತಿಗೆ ಹೋದಾಗ ಅವರಿಗೆ ಮೂವತ್ತು ದಾಟಿತ್ತು. ಕುಳ್ಳು ದೇಹ, ಕತ್ತಿನವರೆಗೂ ಗುಂಡಿ ಹಾಕಿದ ಶರ್ಟು, ನಾಲ್ಕನೆಯ ಕ್ಲಾಸಿಗೆ ನಿಂತ ಓದು. ಅಲ್ಲಿನ ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯ ಒಂದು ವಿಲ್ಲಾದಲ್ಲಿ ಇಂಗ್ಲಿಷ್ ಇಂಜಿನಿಯರನೊಬ್ಬನ ಮನೆ ನೋಡಿಕೊಳ್ಳುವ ಕೆಲಸ. ಅಡುಗೆ, ಇಸ್ತ್ರಿ, ಗಿಡಕ್ಕೆ ನೀರು ಎಂದು ಊರಿಗೆ ಹೇಳಿದ್ದರು. ನಿಜವಾದ ಕೆಲಸ ಹಿಂದಿನ ಕೋಣೆಯಲ್ಲಿತ್ತು. ಅಲ್ಲಿ ಹಗಲೂ ರಾತ್ರಿ ಏಸಿ ಓಡುತ್ತಿತ್ತು. ಗೋಡೆಯುದ್ದಕ್ಕೆ ಗಾಜಿನ ಪೆಟ್ಟಿಗೆಗಳು, ಒಂದೊಂದರಲ್ಲಿ ಒಂದೊಂದು ಹಾವು. ಅಮೆರಿಕದಿಂದ ತರಿಸಿದ, ವಿಷವಿಲ್ಲದ ಕಾರ್ನ್ ಸ್ನೇಕುಗಳು. ಮೈ ಇಟ್ಟಿಗೆ ಕೆಂಪು, ಬೆನ್ನಿನ ಪ್ರತಿ ಮಚ್ಚೆಗೂ ಮಸಿಯಲ್ಲಿ ಬರೆದ ಹಾಗೆ ಕಪ್ಪು ಅಂಚು. ಸಾಹೇಬನಿಗೆ ಬೇರೆ ಬೇರೆ ಬಣ್ಣದ ಮರಿ ತೆಗೆಯುವ ಹುಚ್ಚು.

ನಾಗನಿಗೆ ತಲೆಬಾಗಿ ಬೆಳೆದ ತುಳುನಾಡಿನವರಿಗೆ ಇದು ಸಣ್ಣ ಸಂಗತಿಯಲ್ಲ. ಅಣ್ಣ ಆ ಕೋಣೆಗೆ ಚಪ್ಪಲಿ ಹಾಕಿ ಹೋದದ್ದನ್ನು ನಾನು ನೋಡಿಲ್ಲ. ಪೆಟ್ಟಿಗೆಯ ಮುಚ್ಚಳ ತೆಗೆಯುವ ಮೊದಲು ಅದನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಸಂಕ್ರಮಣದ ದಿನ ನಮ್ಮಲ್ಲಿ ಮೀನು ಮಾಂಸ ಇಲ್ಲ, ಅವರ ಲೆಕ್ಕದಲ್ಲಿ ಹಾವುಗಳಿಗೂ ಇಲ್ಲ. ಸುಂಡಿಲಿ ಹಾಕುವ ದಿನ ಸಂಕ್ರಮಣದ ಮೇಲೆ ಬಿದ್ದರೆ ಹಾವಿಗೆ ಉಪವಾಸ. ಸಾಹೇಬ ಪುಸ್ತಕ ನೋಡಿ, ಯಾಕೆ ಎಲ್ಲವೂ ಒಂದೇ ದಿನ ಊಟ ಬಿಟ್ಟವು ಎಂದು ಕೇಳಿದರೆ, "ನೋ ಹಂಗರ್ ಸರ್, ವೆದರ್" ಎನ್ನುತ್ತಿದ್ದರು. ಪಾಪ, ಅವನು ಹವಾಮಾನವನ್ನೂ ಬರೆದಿಡತೊಡಗಿದ್ದ.

"ಹಾವಿಗೆ ಕಿವಿ ಇಲ್ಲ ಮಾಸ್ಟ್ರೇ, ಅದಕ್ಕೇ ಅದರ ಮನೆಯಲ್ಲಿ ಜಗಳ ಇಲ್ಲ" ಎಂಬುದು ಅವರದೊಂದು ಮಾತು.

ನಾನು ಮಾಸ್ಟರನಲ್ಲ. ಮಸ್ಕತ್ತಿನದೇ ಇನ್ನೊಂದು ಭಾಗ ಅಲ್ ಗುಬ್ರಾದಲ್ಲಿ ನೀರು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ. ಬಿಎಸ್ಸಿ ಎಂಬ ಕಾರಣಕ್ಕೆ ಮಾಸ್ಟ್ರು. ಅಪ್ಪ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊತ್ತವರು, ಅಮ್ಮ ಬೀಡಿ ಕಟ್ಟಿ ನನ್ನನ್ನು ಓದಿಸಿದವಳು. ನಮ್ಮ ಮನೆಯಲ್ಲಿ ನನಗಿಂತ ಮೊದಲು ಎಸ್ಸೆಸ್ಸೆಲ್ಸಿ ಕಂಡವರೇ ಇರಲಿಲ್ಲ. ಗುಬ್ರಾದ ಫ್ಲ್ಯಾಟಿನಲ್ಲಿ ಐದು ಜನ ಇದ್ದೆವು. ನನ್ನ ಮಂಚದ ಮೇಲಿನ ಗೋಡೆಯಲ್ಲಿ ಪದವಿ ಪತ್ರಕ್ಕೆ ಪ್ಲಾಸ್ಟಿಕ್ ಹಾಕಿಸಿ ತೂಗಿಸಿದ್ದೆ. ಅದಕ್ಕೆ ನನಗೆ ಇಂದಿಗೂ ನಾಚಿಕೆ ಇಲ್ಲ. ನಾಚಿಕೆ ಇರುವುದು ಬೇರೆಯದಕ್ಕೆ.

ಅಣ್ಣ ಶುಕ್ರವಾರ ಊಟಕ್ಕೆ ನಮ್ಮಲ್ಲಿಗೆ ಬರುತ್ತಿದ್ದರು. ಅವರು ಮದುವೆಯಾದದ್ದು ಸೋದರಮಾವನ ಮಗಳನ್ನು. ಊರಿಗೆ ಹೋಗಿ ಎರಡು ತಿಂಗಳು ಇದ್ದು ಬಂದಿದ್ದರು. ಆಮೇಲೆ ಮಗಳು ಹುಟ್ಟಿದಳೆಂದು ಹಲ್ವಾ ಹಂಚಿದರು. ಅದಾಗಿ ಕೆಲವು ವಾರ ಬರಲಿಲ್ಲ. ಬಂದ ದಿನ ಊಟಕ್ಕೂ ಕೂರದೆ ನನ್ನನ್ನು ಮೆಟ್ಟಿಲ ಹತ್ತಿರ ಕರೆದರು. ನಮ್ಮ ಮಾತೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಒಂದು ಕೇಳ್ಲಿಕ್ಕಿತ್ತು ಮಾಸ್ಟ್ರೇ. ಹಾವಿನ ವಿಷಯ."

"ಕೇಳಿ ಅಣ್ಣ."

"ಮೊಟ್ಟೆ ಒಡೆದು ಹನ್ನೊಂದು ಮರಿ ಬಂತು. ಎಂಟು ಸರಿ ಉಂಟು. ಮೂರಕ್ಕೆ ಕಪ್ಪು ಅಂಚೇ ಇಲ್ಲ. ಮೈಯೆಲ್ಲ ಬಿಳಿ, ಕಿತ್ತಳೆ. ಕಣ್ಣು ಕುಂಕುಮದ ಹಾಗೆ. ಗಂಡಿಗೂ ಕಪ್ಪು ಉಂಟು, ಹೆಣ್ಣಿಗೂ ಉಂಟು. ಅಪ್ಪ ಅಮ್ಮನಲ್ಲಿ ಇಲ್ಲದ್ದು ಮಕ್ಕಳಲ್ಲಿ ಬರ್ತದಾ?"

ಕಾಲೇಜು ಬಿಟ್ಟ ಮೇಲೆ ಯಾರೂ ನನ್ನನ್ನು ನನ್ನ ಓದಿನ ಪ್ರಶ್ನೆ ಕೇಳಿರಲಿಲ್ಲ. ನಾನು ಗೋಡೆಗೆ ಒರಗಿ ನಿಂತೆ. "ಎರಡೂ ಕಡೆ ಇಲ್ಲದ್ದು ಎಲ್ಲಿಂದ ಬರಬೇಕು ಅಣ್ಣ? ಆ ಹೆಣ್ಣು ಮೊದಲು ಬೇರೆ ಗಂಡಿನ ಹತ್ತಿರ ಇದ್ದಿರಬೇಕು. ಹೆಣ್ಣು ಹಾವು ಗಂಡಿನ ಬೀಜವನ್ನು ತಿಂಗಳುಗಟ್ಟಲೆ ಒಳಗೆ ಇಟ್ಟುಕೊಳ್ತದೆ. ಇದು ಪುಸ್ತಕದಲ್ಲಿ ಇರುವ ವಿಷಯ."

"ಬೇರೆ ದಾರಿಯೇ ಇಲ್ವಾ?"

"ಇಲ್ಲ."

"ಖಂಡಿತ?"

ಒಳಗಿನಿಂದ ಯಾರೋ ಕೂಗಿದರು: "ಅಣ್ಣ, ಬಿಎಸ್ಸಿಯವರು ಹೇಳಿದ ಮೇಲೆ ಮುಗೀತು. ಬನ್ನಿ, ಬಂಗುಡೆ ತಣ್ಣಗಾಗ್ತದೆ." ಎಲ್ಲರೂ ನಕ್ಕರು. ಅಣ್ಣನೂ ತುಸು ನಕ್ಕರು. ಊಟ ಮಾಡದೆ ಹೋದರು.

ಹೆಣ್ಣು ಹಾವು ಬೀಜ ಕಾದಿಡುವುದು ಸುಳ್ಳಲ್ಲ. ಆದರೆ ಎತ್ತರದ ಎರಡು ಬಟಾಣಿ ಗಿಡಗಳೊಳಗೆ ಗಿಡ್ಡ ಗುಣ ಅಡಗಿದ್ದರೆ ಅದು ನಾಲ್ಕರಲ್ಲಿ ಒಂದಾಗಿ ಹೊರಗೆ ಬರುತ್ತದೆ ಎಂದು ಹತ್ತು ಮಾರ್ಕಿಗೆ ಚಿತ್ರ ಸಮೇತ ಬರೆದವನು ನಾನು. ಹತ್ತಕ್ಕೆ ಒಂಬತ್ತು ಸಿಕ್ಕಿತ್ತು. ಬಟಾಣಿಯನ್ನು ಬಿಟ್ಟು ಬೇರೆಲ್ಲಾದರೂ ಅದು ನಡೆದೀತು ಎಂದು ನನ್ನ ತಲೆಗೆ ಹೊಳೆಯಲಿಲ್ಲ. ನಮ್ಮಂಥವರು ಓದಿದ್ದು ಹಾಗೆ. ಉತ್ತರ ಕಲಿತೆವು, ಪ್ರಶ್ನೆ ವೇಷ ಬದಲಿಸಿ ಬಂದರೆ ಗುರುತು ಸಿಗಲಿಲ್ಲ.

ಅದಾದ ಮೇಲೆ ಅಣ್ಣ ಬದಲಾದರು. ಮಗಳ ಸುದ್ದಿ ಎತ್ತಿದರೆ "ಉಂಟು, ಚೆನ್ನಾಗಿ ಉಂಟು" ಎನ್ನುತ್ತಿದ್ದರು. ರಜೆಯ ಸರದಿ ಬಂದಾಗ ಊರಿಗೆ ಹೋಗಲಿಲ್ಲ. ನಾವು ಏನೇನೋ ಊಹಿಸಿ ಸುಮ್ಮನಾದೆವು. ಗಲ್ಫಿನಲ್ಲಿ ಇನ್ನೊಬ್ಬರ ಮನೆಯ ವಿಷಯ ಕೇಳದಿರುವುದು ಒಂದು ಮರ್ಯಾದೆ.

ಎರಡು ವರ್ಷದ ಮೇಲೆ ಸಾಹೇಬ ನನಗೆ ಹೇಳಿಕಳಿಸಿದ. ಜೀವಶಾಸ್ತ್ರ ಓದಿದ ಸ್ನೇಹಿತರಿದ್ದಾರೆಂದು ಅಣ್ಣ ಯಾವಾಗಲೋ ಹೇಳಿದ್ದರಂತೆ, ಅವನ ನೋಟ್‌ಬುಕ್ಕುಗಳನ್ನು ಚೊಕ್ಕವಾಗಿ ನಕಲು ಮಾಡಿಕೊಡಬೇಕಂತೆ. ಹೋದೆ. ಪುಟ ತೆರೆದರೆ ನಾಲ್ಕು ಮನೆಯ ಚೌಕ. ನಾನು ಪರೀಕ್ಷೆಯಲ್ಲಿ ಬರೆದ ಬಟಾಣಿಯದೇ ಚೌಕ. ಸಾಹೇಬ ತನ್ನ ಬುದ್ಧಿವಂತಿಕೆ ಹೇಳಿಕೊಂಡ: ಆ ಮೊದಲ ಜೋಡಿ ಒಂದೇ ತಾಯಿಯ ಮರಿಗಳು, ನೋಡಲು ಸಾದಾ, ಆದರೆ ಎರಡರೊಳಗೂ ಕಪ್ಪಿಲ್ಲದ ಗುಣ ಅಡಗಿದೆ ಎಂದು ಗೊತ್ತಿದ್ದೇ ತರಿಸಿದ್ದು. ಹೆಣ್ಣು ಬೇರೆ ಗಂಡಿನ ಜೊತೆ ಇದ್ದಿರಬಹುದೇ ಎಂದು ಕೇಳಿದೆ. ಅವನು ನಕ್ಕ. ಗೇಣುದ್ದದ ಮರಿಯಿಂದ ಅದು ಈ ಪೆಟ್ಟಿಗೆಯಲ್ಲೇ ಬೆಳೆದದ್ದು, ಬೇರೆ ಗಂಡಿನ ಮುಖವನ್ನೇ ನೋಡಿಲ್ಲ ಎಂದ.

ಅಣ್ಣ ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದರು. ನಾನು ಹಗುರವಾಗಿಯೇ ಹೇಳಿದೆ: "ಅಣ್ಣ, ಅವತ್ತು ನಾನು ಹೇಳಿದ್ದು ತಪ್ಪು. ಎರಡೂ ಕಡೆ ಅಡಗಿದ್ದರೆ ಬರ್ತದಂತೆ. ಹೆಣ್ಣಿನದು ಏನೂ ತಪ್ಪಿಲ್ಲ."

ಅವರು ಟ್ರೇ ಕೆಳಗಿಟ್ಟರು. ಆಮೇಲೆ ಅಲ್ಲೇ ನೆಲದ ಮೇಲೆ ಕೂತರು. ಸಾಹೇಬ ಸೆಖೆಯಿರಬೇಕೆಂದು ನೀರು ತರಲು ಹೋದ.

"ನನ್ನ ಮಗು ಬಿಳಿ ಮಾಸ್ಟ್ರೇ" ಎಂದರು.

ಎದೆಯ ಜೇಬಿನಿಂದ ಫೋಟೋ ತೆಗೆದರು. ಕರಿಮೈಯ ಹೆಂಗಸಿನ ತೊಡೆಯ ಮೇಲೆ ಹಾಲಿನಂಥ ಮಗು. ತಲೆಗೂದಲು, ಹುಬ್ಬು, ಎವೆ ಎಲ್ಲ ಬಿಳಿ. ಬೆಳಕಿಗೆ ಕಣ್ಣು ಮುಚ್ಚಿಕೊಂಡಿತ್ತು.

ನೆಲದ ಮೇಲೆ ಕೂತೇ ಎಲ್ಲ ಹೇಳಿದರು. ನಮಗೆ ಆಗ ಕ್ಯಾಸೆಟ್ಟೇ ಕಾಗದ. ಬರೆಯಲು ಬಾರದವರು ಟೇಪ್ ರೆಕಾರ್ಡರಿನ ಮುಂದೆ ಕೂತು ಮಾತಾಡಿ, ಊರಿಗೆ ಹೋಗುವವರ ಕೈಯಲ್ಲಿ ಕಳಿಸುತ್ತಿದ್ದರು. ಊರಲ್ಲಿ ಅದನ್ನು ಮನೆಯ ಮುಂಭಾಗದ ಚಾವಡಿಯಲ್ಲಿಟ್ಟು ಮನೆಮಂದಿ, ನೆರೆಕರೆ ಎಲ್ಲ ಸೇರಿ ಕೇಳುವುದು ರೂಢಿ. ಅಣ್ಣನ ತಾಯಿ ಹಾಗೆ ಒಂದು ಕ್ಯಾಸೆಟ್ಟಿನಲ್ಲಿ, ಮಗು ಪರಂಗಿಯವರ ಹಾಗೆ ಉಂಟು, ನಮ್ಮ ಎರಡು ಮನೆಯಲ್ಲೂ ಈ ಬಣ್ಣ ಇಲ್ಲ, ನೀನೇ ಯೋಚನೆ ಮಾಡು ಎಂದು ಹೇಳಿದ್ದರು. ಅದೇ ವಾರ ಮೊಟ್ಟೆ ಒಡೆದವು. ಮೂರು ಬಿಳಿ ಮರಿ ನೋಡಿ ಅಣ್ಣನಿಗೆ ಜೀವ ಬಂತಂತೆ. ಓದಿದವರನ್ನು ಒಂದು ಮಾತು ಕೇಳಿ ಗಟ್ಟಿ ಮಾಡಿಕೊಳ್ಳೋಣ ಎಂದು ನನ್ನ ಹತ್ತಿರ ಬಂದಿದ್ದರು. ನಾನು ಗೋಡೆಗೆ ಒರಗಿ ಉತ್ತರ ಕೊಟ್ಟೆ. ಅವರು ಹೋಗಿ ಕ್ಯಾಸೆಟ್ಟಿನಲ್ಲಿ, ಅವಳನ್ನು ಅವಳ ತಾಯಿಮನೆಗೆ ಕಳಿಸಿಬಿಡಿ, ಆ ಮಗು ನನ್ನದಲ್ಲ ಎಂದರು. ಚಾವಡಿಯಲ್ಲಿ ಎಲ್ಲರೂ ಕೇಳಿದರು. ಅವಳೂ ಅಲ್ಲೇ ಮಗುವಿಗೆ ಎಣ್ಣೆ ಹಚ್ಚುತ್ತಾ ಕೂತಿದ್ದಳಂತೆ.

"ನನಗೆ ಮಗುವಿನ ವಿಷಯ ಅಂತ ಹೇಳಬೇಕಿತ್ತು ಅಣ್ಣ" ಎಂದೆ. ಇದಕ್ಕಿಂತ ಹೀನವಾದ ಮಾತು ನನ್ನ ಬಾಯಿಂದ ಇನ್ನೊಂದು ಬಂದಿಲ್ಲ.

"ಹೇಗೆ ಹೇಳುದು? ನಾಚಿಕೆ ಆಗುದಿಲ್ವಾ?" ಎಂದರು. ಸಿಟ್ಟಿರಲಿಲ್ಲ. ಫೋಟೋ ಮತ್ತೆ ಜೇಬಿಗಿಟ್ಟು ಮುಂದುವರಿಸಿದರು: "ಅವಳು ನನ್ನ ಮಾವನ ಮಗಳಲ್ವಾ. ನಮ್ಮಿಬ್ಬರ ಅಜ್ಜ ಅಜ್ಜಿ ಒಬ್ಬರೇ. ಅಡಗಿದ್ದು ಅಲ್ಲೇ ಇರಬೇಕು ಅಲ್ವಾ ಮಾಸ್ಟ್ರೇ?"

ನಾನು ಹೌದೆಂದೆ. ನಾಲ್ಕನೆಯ ಕ್ಲಾಸು ಓದಿದವರು ಒಂದು ನಿಮಿಷದಲ್ಲಿ ಹಿಡಿದದ್ದನ್ನು ನಾನು ಮೂರು ವರ್ಷ ಕಾಲೇಜಿಗೆ ಹೋಗಿ ಹಿಡಿದಿರಲಿಲ್ಲ.

ಅವತ್ತಿನಿಂದ ಅವರಿಗೆ ಒಂದೇ ಧ್ಯಾನ. ಅವಳಿಗೆ ತಿಳಿಸಬೇಕು. ಬಿಟ್ಟ ರಜೆ ಬಿಟ್ಟದ್ದೇ, ಮುಂದಿನದಕ್ಕೆ ಒಂದು ವರ್ಷದ ಮೇಲಿತ್ತು. ಪಾಸ್‌ಪೋರ್ಟು ಸಾಹೇಬನ ಕಂಪೆನಿಯ ಕಪಾಟಿನಲ್ಲಿ. ಕೇಳಲು ಹೋದರೆ ಆಫೀಸಿನವನು, "ಯಾರಾದರೂ ಸತ್ತಿದ್ದಾರಾ?" ಎಂದ. ಇಲ್ಲ ಎಂದು ಬಂದರು. ಅಣ್ಣನಿಗೆ ಸುಳ್ಳು ಹೇಳಲು ಬರುತ್ತಿದ್ದದ್ದು ಸಂಕ್ರಮಣದ ದಿನ ಸಾಹೇಬನಿಗೆ ಮಾತ್ರ.

ಹಾಗಾಗಿ ಮತ್ತೆ ಕ್ಯಾಸೆಟ್ಟು. ಚೌಕ ಕಲಿಸಲು ನಾನು ಸೋಡಾ ಬಾಟಲಿಯ ಕೆಂಪು ಬಣ್ಣದ ಮುಚ್ಚಳ ತಂದೆ. ಕೆಂಪು ಮೇಲೆ ಬಂದರೆ ಕಪ್ಪು ಗುಣ, ಮಗುಚಿದರೆ ಬಿಳಿ ಗುಣ. ಅಪ್ಪನಿಗೆ ಎರಡು ಮುಚ್ಚಳ, ಅಮ್ಮನಿಗೆ ಎರಡು, ಮಗುವಿಗೆ ಇಬ್ಬರಿಂದಲೂ ಒಂದೊಂದು. ಒಂದಾದರೂ ಕೆಂಪಿದ್ದರೆ ಮೈ ಕಪ್ಪು. ಎರಡೂ ಮಗುಚಿದ್ದು ಬಂದರೆ ಬಿಳಿ. ಅಣ್ಣ ಅದನ್ನು ನೂರು ಸಲ ಆಡಿದರು. ಆಮೇಲೆ ರೆಕಾರ್ಡರಿನ ಮುಂದೆ ಕೂತು ಶುರು ಮಾಡಿದರು: "ಈಗ ನೋಡು, ಈ ಮುಚ್ಚಳ ಇಲ್ಲಿ ಇಟ್ಟೆ. ಕಾಣ್ತದಾ? ಇದನ್ನು ಈ ಕಡೆ ಇಟ್ಟೆ."

ತಿರುಗಿಸಿ ಕೇಳಿದರೆ ಟಿಕ್ ಟಿಕ್ ಎಂದು ತಗಡಿನ ಸದ್ದು ಮಾತ್ರ. ಅವರೇ ತಲೆ ಹಿಡಿದುಕೊಂಡರು.

"ಹಾವು ಅಂತ ಹೇಳದೆ ಆಗುದಿಲ್ವಾ ಮಾಸ್ಟ್ರೇ? ನಾನು ಹಾವಿನ ಚಾಕರಿ ಮಾಡುದು ಊರಲ್ಲಿ ಗೊತ್ತಿಲ್ಲ. ನಾಗದೋಷದಿಂದಲೇ ಮಗು ಹೀಗಾಯ್ತು ಅಂತಾರೆ. ಕೋಳಿ ಅಂತ ಹೇಳುವನಾ?"

"ಕೋಳಿ ಎಲ್ಲ ಬಣ್ಣದ್ದೂ ಇರ್ತದೆ ಅಣ್ಣ. ಯಾರು ನಂಬ್ತಾರೆ? ಇದ್ದದ್ದು ಇದ್ದ ಹಾಗೆ ಹೇಳಿ."

ಇದ್ದ ಹಾಗೆ ಹೇಳಿದರು. ಮೂರು ವಾರ ಹಿಡಿಯಿತು. ಕಾರ್ಕಳದ ಕಡೆಯವರೊಬ್ಬರ ಕೈಯಲ್ಲಿ ನೇರ ಮಾವನ ಮನೆಗೆ ಕಳಿಸಿದರು. ಅವರು ಮರಳಿ ಬರುವಾಗ ಅದೇ ಕ್ಯಾಸೆಟ್ಟನ್ನು ಹಿಂದೆ ತಂದರು. ಕಟ್ಟಿದ ದಾರ ಬಿಚ್ಚಿರಲಿಲ್ಲ. ಈ ಮನೆಯಲ್ಲಿ ಆ ಸ್ವರ ಕೇಳಿಸುವುದಿಲ್ಲ ಎಂದರಂತೆ ಮಾವ.

ಕೆಲವು ತಿಂಗಳಲ್ಲಿ ನನ್ನ ರಜೆ ಬಂತು. ಅಣ್ಣ ವಿಮಾನ ನಿಲ್ದಾಣಕ್ಕೆ ಬಂದು ಆ ಕ್ಯಾಸೆಟ್ಟನ್ನೂ, ಒಂದು ಪೊಟ್ಟಣದಲ್ಲಿ ನಾಲ್ಕು ಮುಚ್ಚಳಗಳನ್ನೂ ನನ್ನ ಕೈಗೆ ಕೊಟ್ಟರು. "ನೀವು ಎದುರಲ್ಲಿ ಕೂತು ತೋರಿಸಿ. ಬಿಎಸ್ಸಿಯವರು ಹೇಳಿದರೆ ನಂಬ್ತಾಳೆ" ಎಂದರು.

ಮಾವ ಮನೆಯಲ್ಲಿಲ್ಲದ ಹೊತ್ತು ನೋಡಿ ಹೋದೆ. ಅತ್ತಿಗೆ ಗೇರುಬೀಜದ ಕಾರ್ಖಾನೆಯಿಂದ ಆಗತಾನೇ ಬಂದಿದ್ದರು. ಬೀಜ ಒಡೆದು ಒಡೆದು ಸಿಪ್ಪೆಯ ಎಣ್ಣೆಗೆ ಬೆರಳೆಲ್ಲ ಸುಟ್ಟು ಕಪ್ಪಾಗಿತ್ತು. ಮೂರು ದಾಟಿದ ಮಗು ಜಗಲಿಯ ನೆರಳಲ್ಲಿ ಕೂತು ಒಂದು ಕ್ಯಾಲೆಂಡರಿನ ಚಿತ್ರವನ್ನು ಕಣ್ಣಿಗೆ ತಾಗಿಸಿ ನೋಡುತ್ತಿತ್ತು. ಹಳೇ ಸೀರೆಯಲ್ಲಿ ಹೊಲಿದ ಅಗಲ ಅಂಚಿನ ಟೊಪ್ಪಿ ಹಾಕಿತ್ತು.

ನಾನು ಯಾರೆಂದು ಹೇಳಿದೆ. ಕಾಫಿ ತಂದಿಟ್ಟರು. ನಾನು ತಂದಿದ್ದ ಟೇಪ್ ರೆಕಾರ್ಡರಿನಲ್ಲಿ ಕ್ಯಾಸೆಟ್ಟು ಹಾಕಿದೆ. ಅವರು ಬೇಡ ಎನ್ನಲಿಲ್ಲ, ಕೊನೆಯವರೆಗೂ ಕೇಳಿದರು. ಅಣ್ಣ ಟೇಪಿನಲ್ಲಿ ಅಳುತ್ತಿದ್ದರು. ನಾನು ನೆಲದ ಮೇಲೆ ಮುಚ್ಚಳ ಇಟ್ಟು ತೋರಿಸಿದೆ. ನಾಲ್ಕರಲ್ಲಿ ಒಂದು ಎಂದೆ, ಯಾರ ತಪ್ಪೂ ಇಲ್ಲ ಎಂದೆ.

"ಅಂದ್ರೆ, ಹಾವು ಮರಿ ಹಾಕಿದ ಮೇಲೆ ಅವರಿಗೆ ನನ್ನ ಮೇಲೆ ನಂಬಿಕೆ ಬಂತು" ಎಂದರು ಅತ್ತಿಗೆ.

ನಾನು ಮುಚ್ಚಳಗಳನ್ನು ಮತ್ತೆ ಸಾಲಾಗಿ ಇಟ್ಟೆ.

"ನಾನು ದೇವರ ಮುಂದೆ ಕೈಯಿಟ್ಟು ಹೇಳಿದ್ದೆ. ಅದು ಸಾಕಾಗ್ಲಿಲ್ಲ." ಒಂದು ಮುಚ್ಚಳ ತೆಗೆದು ತಿರುಗಿಸಿ ನೋಡಿ ಮತ್ತೆ ಇಟ್ಟರು. "ಆ ಮೊದಲಿನ ಕ್ಯಾಸೆಟ್ಟಲ್ಲಿ ಒಂದು ಮಾತು ಇತ್ತು. ಇಲ್ಲಿ ಬಿಎಸ್ಸಿ ಓದಿದವರೊಬ್ಬರನ್ನು ಕೇಳಿದೆ, ಬೇರೆ ದಾರಿಯೇ ಇಲ್ಲ ಅಂತ ಅವರು ಖಂಡಿತವಾಗಿ ಹೇಳಿದ್ದಾರೆ ಅಂತ. ಅದು ನೀವೇಯಾ?"

ಅಣ್ಣ ಇದನ್ನು ನನಗೆ ಹೇಳಿರಲಿಲ್ಲ. ನನ್ನನ್ನು ಉಳಿಸಲು ಹೇಳದೆ ಇದ್ದರೋ, ನಾಚಿಕೆಯಿಂದಲೋ. ಚಾವಡಿಯಲ್ಲಿ ಅಷ್ಟು ಜನರ ನಡುವೆ, ಅತ್ತಿಗೆಯ ವಿರುದ್ಧ ಸಾಕ್ಷಿ ಹೇಳಿದ್ದು ನನ್ನ ಪದವಿ.

"ಹೌದು" ಎಂದೆ.

ಅವರು ನನ್ನನ್ನು ಒಂದು ಸಲ ಪೂರ್ತಿ ನೋಡಿದರು. "ಕಾಫಿ ತಣ್ಣಗಾಯ್ತು. ಕುಡಿಯಿರಿ" ಎಂದರು.

ಹೊರಡುವಾಗ, ಅಣ್ಣನಿಗೆ ಏನು ಹೇಳಲಿ ಎಂದು ಕೇಳಿದೆ. ಅವರು ಮಗುವನ್ನು ಕರೆದು ತೊಡೆಯ ಮೇಲೆ ಕೂರಿಸಿಕೊಂಡು, ಅದೇ ಕ್ಯಾಸೆಟ್ಟನ್ನು ಮೊದಲಿಗೆ ತಿರುಗಿಸಿ ರೆಕಾರ್ಡಿನ ಗುಂಡಿ ಒತ್ತಿದರು.

"ಅವರ ಮಾತು ಅಳಿಸಿ ಹೋಗ್ತದೆ ಅತ್ತಿಗೆ."

"ಹೋಗಲಿ."

ನನ್ನನ್ನು ಅಂಗಳಕ್ಕೆ ಕಳಿಸಿದರು. ಆದ ಮೇಲೆ ಕ್ಯಾಸೆಟ್ಟನ್ನು ಕಾಗದದಲ್ಲಿ ಸುತ್ತಿ ಕೊಟ್ಟರು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಅಣ್ಣ ಆಮೇಲೆ ಒಮ್ಮೆ ಊರಿಗೆ ಹೋಗಿ ಮಾವನ ಮನೆಯ ಬೇಲಿಬಾಗಿಲಿನ, ದಣಪೆಯ ಹೊರಗೆ ಎರಡು ದಿನ ನಿಂತು ಬಂದರು. ಯಾರೂ ಬಯ್ಯಲಿಲ್ಲ, ಯಾರೂ ಕರೆಯಲಿಲ್ಲ. ತೊಂಬತ್ತರ ಮೊದಲ ವರ್ಷಗಳಲ್ಲಿ ಸಾಹೇಬ ಹಾವುಗಳ ಸಮೇತ ದೇಶ ಬಿಟ್ಟ. ಅಣ್ಣ ಬರ್ಕಾದ ತೋಟಕ್ಕೆ ಸೇರಿದರು. ಪ್ರತಿ ವರ್ಷ ಊರಿಗೆ ಹೋಗುವವರ ಕೈಯಲ್ಲಿ ಮಗುವಿಗೆ ಕಪ್ಪು ಕನ್ನಡಕ ಕಳಿಸುತ್ತಿದ್ದರು, ಪ್ರತಿ ವರ್ಷ ಒಂದು ಅಳತೆ ದೊಡ್ಡದು. ಅದು ಮಾತ್ರ ಹಿಂದೆ ಬರಲಿಲ್ಲ.

ನನ್ನ ಕಣ್ಣ ಮುಂದೆ ಉಳಿದದ್ದು ನಾನು ರಜೆ ಮುಗಿಸಿ ಮಸ್ಕತ್ತಿನ ವಿಮಾನ ನಿಲ್ದಾಣವಾದ ಸೀಬ್‌ನಲ್ಲಿ ಇಳಿದ ಮಧ್ಯಾಹ್ನ. ಅಣ್ಣ ಸಾಹೇಬನ ಹಳೇ ಕಾರು ತಂದಿದ್ದರು. ಹೇಗಿದ್ದೀರಿ ಎಂದೂ ಕೇಳಲಿಲ್ಲ. ಕಾರಿನೊಳಗೆ ಕೂತು, ಏಸಿ ಹಾಕಿ, ಕೈ ಚಾಚಿದರು. ನಾನು ಕ್ಯಾಸೆಟ್ಟು ಕೊಟ್ಟೆ.

ಸ್ವಲ್ಪ ಹೊತ್ತು ಬರೀ ಗರಗರ. ಆಮೇಲೆ ಮಗುವಿನ ಸ್ವರ: "ಎಂತ ಹೇಳುದಮ್ಮ?"

"ನಿನಗೆ ಬರುದು ಹೇಳು" ಎಂದಿತು ಅತ್ತಿಗೆಯ ಸ್ವರ.

"ಯಾರಿಗೆ?"

"ಮಸ್ಕತ್ತಲ್ಲಿ ಒಬ್ಬರು ಹಾವು ಸಾಕುವವರು ಇದ್ದಾರೆ. ಅವರಿಗೆ."

ಮಗು ಒಂದರಿಂದ ಇಪ್ಪತ್ತರವರೆಗೆ ಎಣಿಸಿತು. ಹದಿನಾಲ್ಕನ್ನು ಬಿಟ್ಟಿತು. ಬೆಕ್ಕು ಅಟ್ಟದ ಮೇಲೆ ಉಂಟು ಎಂದಿತು. "ಆಯ್ತಾ?" ಎಂದಿತು. ಟಕ್ ಎಂದು ನಿಂತಿತು.

ಅಣ್ಣ ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದು ಕೂತಿದ್ದರು. ನಿಲ್ಲಿಸಿದ ಕಾರಿನಲ್ಲಿ ರಸ್ತೆ ನೋಡುವವರ ಹಾಗೆ ಮುಂದೆ ನೋಡುತ್ತಿದ್ದರು.

"ಸ್ವರ ನನ್ನ ಅಮ್ಮಂದೇ ಮಾಸ್ಟ್ರೇ" ಎಂದರು. "ಕೇಳಿದ್ರಲ್ಲ, ಅಮ್ಮಂದೇ. ಮೂಗು? ನಮ್ಮ ಮನೆಯವರ ಮೂಗು ಸ್ವಲ್ಪ ಚಪ್ಪಟೆ, ಇಲ್ಲಿ ನೋಡಿ. ಹಾಗೇ ಉಂಟಾ?"

"ಉಂಟು" ಎಂದೆ.

ನಾನು ಮೂಗು ನೋಡಿರಲಿಲ್ಲ. ಅಷ್ಟು ಹೊತ್ತು ಆ ಮಗುವಿನ ಎದುರು ಕೂತು, ಬಣ್ಣ ಮಾತ್ರ ನೋಡಿ ಬಂದಿದ್ದೆ.